ಹಳದಿ ಕಾರ್ಡು

ಮುದುಕಿ ಸತ್ತಿರಲಿಲ್ಲ, ಆದರೆ ಸತ್ತವರ ಹಾಗೇ ಮಲಗಿದ್ದಳು. ಇಳಕಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ಆಕೆಯ ಪಿತ್ತಕೋಶದ ಕಲ್ಲು ತೆಗೆದು, ಹೊಲಿಗೆ ಹಾಕಿ, ಸರ್ಜನ್ ಕೈ ತೊಳೆದು ಚಹಾ ಕುಡಿಯಲು ಹೋಗಿಯೂ ಆಗಿತ್ತು. ಪೇಷಂಟ್ ಮಾತ್ರ ಉಸಿರಾಡುತ್ತಿರಲಿಲ್ಲ. ಆಪರೇಶನ್‌ಗೆ ಮುಂಚೆ ಗಂಟಲಿಗೆ ನಳಿಕೆ ಇಳಿಸಲಿಕ್ಕೆ ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡುವ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರ ಪ್ರಭಾವ ಬಾಕಿ ಎಲ್ಲರಿಗೂ ಕೆಲವೇ ನಿಮಿಷದಲ್ಲಿ ಇಳಿದುಹೋಗುತ್ತದೆ. ಈಕೆಗೆ ಇಳಿಯಲೇ ಇಲ್ಲ. ಅರಿವಳಿಕೆ ಡಾಕ್ಟರು ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತ ಒತ್ತುತ್ತ, ಹೊತ್ತು ಮುಳುಗುವತನಕ ಆಕೆಯ ಪರವಾಗಿ ತಾವೇ ಉಸಿರಾಡಿದರು.

ಕ್ರೂರ ಸಂಗತಿ ಏನೆಂದರೆ, ಪ್ರಜ್ಞೆ ತಪ್ಪಿಸುವ ಔಷಧ ಆಗಲೇ ಇಳಿದಿತ್ತು. ಮೈ ಮಾತ್ರ ಕಟ್ಟಿಹಾಕಿದಂತೆ ಬಿದ್ದಿತ್ತು.

"ನಾ ಎಲ್ಲಾ ಕೇಳಾಕತ್ತಿದ್ದೆ ಯವ್ವಾ," ಎಂದು ಆಮೇಲೆ ನನಗೆ ಹೇಳಿದಳು. "ಕಣ್ಣರೆಪ್ಪಿ ಎತ್ತಾಕ ಬರವಲ್ದು. ನರ್ಸ್ ಅಂತಾಳ, ಮುದುಕಿ ಹೋತು, ಹೊರಗಿನವ್ರಿಗೆ ಹೇಳೂಣೇನ್ರಿ ಅಂತ. ನಿನ್ನ ಬಾಯಾಗ ಮಣ್ಣ ಹಾಕ, ನಾ ಇಲ್ಲೇ ಅದೇನಿ ಅನಬೇಕು, ನಾಲಿಗಿ ಹೊರಳವಲ್ದು."

ಆ ಅರಿವಳಿಕೆ ಡಾಕ್ಟರು ಒಳ್ಳೆಯ ಮನುಷ್ಯ, ಅದಕ್ಕಿಂತ ಹೆಚ್ಚಾಗಿ ಕುತೂಹಲದ ಮನುಷ್ಯ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಫೋನ್ ಹಚ್ಚಿದರು. ನಮ್ಮದು ಜನಗಳ ವಂಶವಾಹಿಗಳನ್ನು ಓದುವ ಕೆಲಸ. ಯಾವ ಜನ ಎಷ್ಟು ತಲೆಮಾರಿನಿಂದ ತಮ್ಮತಮ್ಮಲ್ಲೇ ಲಗ್ನ ಮಾಡಿಕೊಂಡು ಬಂದಿದ್ದಾರೆ, ಒಬ್ಬ ಹಿರಿಯನ ರಕ್ತದಲ್ಲಿದ್ದ ಬದಲಾವಣೆ ಇವತ್ತು ಎಷ್ಟು ಮನೆಗಳಿಗೆ ಹರಡಿದೆ ಎಂಬ ಲೆಕ್ಕ. ನಾನು ಬಾಗಲಕೋಟೆ ನವನಗರದಾಕೆ. ಅದಕ್ಕೇ ನನ್ನನ್ನು ಕಳಿಸಿದರು. "ನಿಮ್ಮ ಭಾಷೆ ಅವರಿಗೆ ಅರ್ಥ ಆಗುತ್ತಲ್ಲ," ಎಂದರು ನಮ್ಮ ಸಾಹೇಬರು. ಸಾಹೇಬರು ಅಂದರೆ ನಮ್ಮ ಯೋಜನೆಯ ಮುಖ್ಯ ವಿಜ್ಞಾನಿ, ಕೆಳಗಿನ ಸೀಮೆಯವರು, ಅಂದರೆ ದಕ್ಷಿಣದ ಕಡೆಯವರು. ಅವರ ಬಾಯಲ್ಲಿ ಆ ಮಾತು ಹೊಗಳಿಕೆ ಆಗಿರಲಿಲ್ಲ.

ಇಲ್ಲಿ ಒಂದಿಷ್ಟು ಶಾಸ್ತ್ರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಲ್ಲರಲ್ಲೂ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿ ಇರುತ್ತವೆ, ಅವ್ವನಿಂದ ಒಂದು, ಅಪ್ಪನಿಂದ ಒಂದು. ಆ ಇಂಜೆಕ್ಷನ್ನನ್ನು ರಕ್ತದಲ್ಲಿ ಕರಗಿಸುವ ಕಿಣ್ವವೊಂದಿದೆ. ಮುದುಕಿಯಲ್ಲಿ ಆ ಕಿಣ್ವದ ವಂಶವಾಹಿಯ ಎರಡೂ ಪ್ರತಿ ಬದಲಾಗಿದ್ದವು. ಒಂದೇ ಪ್ರತಿ ಬದಲಾದವರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ. ಎರಡೂ ಬದಲಾದವರಿಗೂ ಏನೂ ಆಗುವುದಿಲ್ಲ, ಆ ಒಂದು ಇಂಜೆಕ್ಷನ್ ಕೊಡದಿದ್ದರೆ ಸಾಕು. ಅದರ ಬದಲಿಗೆ ಬೇರೆಯದು ಕೊಡಬಹುದು, ಯಾವ ದವಾಖಾನೆಯಲ್ಲೂ ಸಿಗುತ್ತದೆ. ರೋಗವಲ್ಲ, ರುಜಿನವಲ್ಲ. ಇಷ್ಟೇ. ಈ ಇಷ್ಟೇ ಅನ್ನುವುದನ್ನು ಓದುವವರು ದಯಮಾಡಿ ಮರೆಯಬಾರದು.

ಮುದುಕಿಯನ್ನು ಓಣಿಯಲ್ಲೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ; ನಮ್ಮ ಕಡೆ ಆಯಿ ಅಂದರೆ ಅವ್ವನ ಅವ್ವ. ನೇಕಾರರ ದೊಡ್ಡ ಮನೆತನ. ಸತ್ತು ಬದುಕಿ ಬಂದಾಕೆ ಎಂದು ಆಕೆಗೆ ಮರ್ಯಾದೆ ಇಮ್ಮಡಿ ಆಗಿತ್ತು. ಆಕೆ ಹೂಂ ಎಂದರೆ ಅರ್ಧ ಓಣಿ ತೋಳು ಚಾಚುತ್ತಿತ್ತು. ನಾನು ನೇರಳೆ ಮುಚ್ಚಳದ ಟ್ಯೂಬುಗಳಲ್ಲಿ ರಕ್ತ ತೆಗೆದು, ಹೆಸರಿನ ಬದಲು ಸಂಕೇತ ಹಚ್ಚಿ, ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು ಹುನಗುಂದದ ಮೇಲಿನಿಂದ ಬಾಗಲಕೋಟೆಗೆ ಬಸ್ಸು ಹತ್ತುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಡಬ್ಬಿ ನೋಡಿ "ಕುಲ್ಫಿ ಏನ್ರಿ?" ಎಂದು ಕೇಳುತ್ತಿದ್ದರು. ಹೌದು ಅಂದುಬಿಡುತ್ತಿದ್ದೆ.

ರಕ್ತದ ಸಂಗಡ ಕೆಲವು ಪ್ರಶ್ನೆಗಳನ್ನೂ ಕೇಳಬೇಕಿತ್ತು. ಪ್ರಶ್ನೆ ಸಾಹೇಬರೇ ಬರೆದದ್ದು, ಒಂದಕ್ಷರ ಬದಲಿಸುವಂತಿಲ್ಲ, ಹಾಗೇ ಓದಬೇಕು. ಅದರಲ್ಲೊಂದು: "ನೀವು ರಕ್ತಸಂಬಂಧದಲ್ಲಿ ವಿವಾಹವಾಗಿದ್ದೀರಾ?"

ಎಲ್ಲರೂ ಇಲ್ಲ ಎಂದರು. ಒಬ್ಬರೂ ಹೌದು ಅನ್ನಲಿಲ್ಲ. ಒಬ್ಬ ಹೆಣ್ಣುಮಗಳಂತೂ ಸೆರಗು ಬಾಯಿಗೆ ಒತ್ತಿಕೊಂಡು "ಛೀ, ಛೀ, ನಾವೇನ್ ಅಂಥಾ ಮಂದಿ ಅಲ್ರಿ," ಎಂದು ಎದ್ದೇ ಹೋದಳು.

ಅತ್ತ ಪ್ರಯೋಗಾಲಯದ ಫಲಿತಾಂಶ ಬೇರೇನೋ ಹೇಳುತ್ತಿತ್ತು. ಒಬ್ಬೊಬ್ಬರ ವಂಶವಾಹಿಯಲ್ಲೂ ಎರಡೂ ಪ್ರತಿ ಒಂದೇ ಥರ ಇರುವ ಉದ್ದುದ್ದ ತುಂಡುಗಳು ಕಾಣುತ್ತಿದ್ದವು. ಅಪ್ಪ ಅವ್ವ ಹತ್ತಿರದ ಸಂಬಂಧಿಗಳಾದರೆ ಮಾತ್ರ ಅಂಥ ತುಂಡು ಬರುತ್ತವೆ. ಗಂಡ ಹೆಂಡತಿಯ ಟ್ಯೂಬು ಪಕ್ಕಪಕ್ಕ ಇಟ್ಟರೆ ಎಷ್ಟೋ ಕಡೆ ಒಂದೇ ಮನೆಯವರಂತೆ ಹೊಂದುತ್ತಿದ್ದವು. ಸಾಹೇಬರು ನನ್ನನ್ನು ಕರೆದು ಎಲ್ಲರ ಎದುರಿಗೇ ಕೇಳಿದರು.

"ಒಬ್ಬರದೇ ರಕ್ತವನ್ನ ನಾಲ್ಕು ಟ್ಯೂಬಿಗೆ ತುಂಬಿದ್ದೀರಾ? ಬಿಸಿಲು ಜಾಸ್ತಿ ಅಂತ ಮನೆ ಮನೆ ತಿರುಗೋದು ಬೇಸರ ಆಯ್ತಾ?"

ಮೈ ಉರಿದುಹೋಯಿತು. ಟ್ಯೂಬು ತುಂಬುವುದಕ್ಕೆ ಆ ಊರಿನ ಮೆಟ್ಟಿಲು ಎಷ್ಟು ಹತ್ತಿ ಇಳಿದಿದ್ದೆ, ಎಷ್ಟು ಮಂದಿಯ ಬಾಯಲ್ಲಿ ಬೈಸಿಕೊಂಡಿದ್ದೆ, ನನಗೆ ಗೊತ್ತು. ಆದರೂ ಅದೇ ಓಣಿಗೆ ಮತ್ತೆ ಹೋಗಿ ಮತ್ತೆ ಚುಚ್ಚಬೇಕಾಯಿತು. ಈ ಸಲ ಮಂದಿ ಸುಮ್ಮನಿರಲಿಲ್ಲ. "ಒಮ್ಮೆ ಒಯ್ದದ್ದೆಲ್ಲಿ ಮಾರಿದ್ರಿ?" ಎಂದು ಗಂಡಸರು ಬಾಗಿಲಲ್ಲೇ ಅಡ್ಡ ನಿಂತರು. ಹೆಂಗಸರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಆಯಿ ಊರಲ್ಲಿ ಇರಲಿಲ್ಲ, ಮಂದಿಗೆ ತಿಳಿಸಿ ಹೇಳುವವರೂ ಇರಲಿಲ್ಲ.

ಅವತ್ತು ಮೊದಲು ತೋಳು ಚಾಚಿದವಳು ಆಯಿಯ ಮಗಳ ಮಗಳು. ಇಪ್ಪತ್ತು ದಾಟಿದ ಹುಡುಗಿ, ಕೈಮಗ್ಗದಲ್ಲಿ ನೇಯುತ್ತಿದ್ದಳು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಅಲ್ಲಿಂದಲೇ ಕೂಗಿದಳು. "ಅಕ್ಕಾರ, ಇಲ್ಲೇ ಬರ್ರಿ. ನನ್ನ ರಕ್ತಾ ತಗೋರಿ. ನಾ ಕೊಟ್ಟದ್ದ ನೋಡಿ ಇವೆಲ್ಲಾ ಬರ್ತಾವು, ಕುರಿ ಅದಾವು."

ಚುಚ್ಚಿದೆ. ಪ್ರಶ್ನೆ ಓದಿದೆ. ಆಕೆಗೆ ಇನ್ನೂ ಲಗ್ನವಾಗಿರಲಿಲ್ಲ, ಆದರೆ ಲಗ್ನ ನಿಶ್ಚಯವಾಗಿತ್ತು. ಅದಕ್ಕೇ "ರಕ್ತಸಂಬಂಧದಲ್ಲಿ ಆಗ್ತೀಯೇನು?" ಎಂದು ಕೇಳಿದೆ.

"ಇಲ್ರಿ."

"ಹುಡುಗ ಯಾರು?"

"ನಮ್ಮ ಸೋದರಮಾವ. ಆಯಿಯ ಸಣ್ಣ ಮಗ."

ಸೂಜಿ ಕೈಯಲ್ಲೇ ಉಳಿಯಿತು. "ಅವ್ವನ ಒಡಹುಟ್ಟಿದ ತಮ್ಮ ರಕ್ತಸಂಬಂಧ ಅಲ್ಲೇನ?"

ಹುಡುಗಿ ನಕ್ಕಳು ನೋಡಿ, ಮಗ್ಗದ ಹಲಗೆ ಅಲುಗಾಡುವ ಹಾಗೆ. "ಅಯ್ಯ ಅಕ್ಕಾರ, ನೀವು ನಮ್ಮ ಕಡಿಯವರ ಅದೀರೋ ಇಲ್ಲೋ? ಆಯಿ ಮನಿ ರಕ್ತಸಂಬಂಧ ಹೆಂಗಾಗ್ತೈತ್ರಿ? ಅದು ಬೀಗರ ಮನಿ. ಹೆಣ್ಣ ಕೊಡೂ ಮನಿ, ಹೆಣ್ಣ ತರೂ ಮನಿ. ರಕ್ತಸಂಬಂಧ ಅಂದ್ರ ಅಪ್ಪನ ಕಡಿ ಅಣ್ತಮ್ಮಕಿ. ಅಲ್ಲಿ ಲಗ್ನ ಅನ್ನೂದ ಇಲ್ಲ. ರಕ್ತಸಂಬಂಧದಾಗ ಲಗ್ನಾ ಆಗೀರೇನು ಅಂದ್ರ ಮಂದಿ ನಿಮ್ಮನ್ನ ಹೊಡೀದ ಬಿಟ್ಟಾರಲ್ಲ, ಪುಣ್ಯಾ ಮಾಡೀರಿ!"

ನಾನೂ ನಕ್ಕೆ. ನಮ್ಮವ್ವ ತನ್ನ ಸೋದರಮಾವನನ್ನೇ ಮಾಡಿಕೊಂಡಾಕೆ. ನನ್ನನ್ನು ಕೇಳಿದ್ದರೂ ಇಲ್ಲ ಎಂದೇ ಹೇಳುತ್ತಿದ್ದೆ, ಅದೂ ಸಿಟ್ಟಿನಿಂದ. ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಮಾಡಿಕೊಂಡು ಮತ್ತೆ ಓಣಿ ತಿರುಗಿದೆ. "ಗಂಡ ನಿಮಗೆ ಲಗ್ನಕ್ಕಿಂತ ಮೊದಲು ಏನಾಗಬೇಕಿತ್ತು?" ಎಂದು ಕೇಳಿದರೆ ಉತ್ತರ ಸರಸರ ಬಂದವು. ಸೋದರಮಾವ, ಸೋದರತ್ತೆಯ ಮಗ, ಅವ್ವನ ಅಣ್ಣನ ಮಗ. ಫಲಿತಾಂಶದ ಉದ್ದನೆಯ ತುಂಡುಗಳಿಗೆ ಒಂದೊಂದಕ್ಕೂ ಲೆಕ್ಕ ಸಿಕ್ಕಿತು. ಸಾಹೇಬರು ಕ್ಷಮೆ ಕೇಳಲಿಲ್ಲ. "ಇಂಟರೆಸ್ಟಿಂಗ್" ಎಂದರು.

ಆ ದಿನದಿಂದ ಹುಡುಗಿ ನನಗೆ ಆಪ್ತಳಾದಳು. ಇಳಕಲ್ಲಿಗೆ ಹೋದಾಗಲೆಲ್ಲ ಆಕೆಯ ಮಗ್ಗದ ಹತ್ತಿರ ಕೂತು ಎದ್ದು ಬರುತ್ತಿದ್ದೆ. ತನ್ನ ಲಗ್ನದ ಸೀರೆಯನ್ನು ತಾನೇ ನೇಯುತ್ತಿದ್ದಳು. ಸೆರಗಿನ ಕೆಂಪು ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವಾಗ ಮಾತಾಡುತ್ತಿರಲಿಲ್ಲ, ಒಂದು ಎಳೆ ತಪ್ಪಿದರೆ ಸೀರೆಯೇ ಕೆಡುತ್ತದೆ. ಮಾವನ ಬಗ್ಗೆ ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದಳು. ಅವನು ಸೀರೆ ಗಂಟು ಕಟ್ಟಿಕೊಂಡು ಸೋಲಾಪುರ, ಹುಬ್ಬಳ್ಳಿ ಎಂದು ವ್ಯಾಪಾರಕ್ಕೆ ತಿರುಗುವವನು. ಎರಡು ಸಲವೂ ಊರಲ್ಲಿ ಇರಲಿಲ್ಲವಾದ್ದರಿಂದ ಅವನ ರಕ್ತ ನಮ್ಮಲ್ಲಿ ಇರಲಿಲ್ಲ. "ಸಣ್ಣಾಕಿ ಇದ್ದಾಗಿಂದ ಅಂವನ ನನ್ನ ಗಂಡ ಅಂತ ಗೊತ್ತೈತ್ರಿ," ಎಂದಿದ್ದಳು. "ಮನಸ್ನ್ಯಾಗ ಬ್ಯಾರೆ ಯಾರನೂ ತಂದಿಲ್ಲ. ತರಾಕ ಬರೂದೂ ಇಲ್ಲ."

ಹುಡುಗಿಯ ಫಲಿತಾಂಶ ಬಂತು. ಒಂದು ಪ್ರತಿ ಬದಲಾಗಿತ್ತು. ಅಂದರೆ ಏನೂ ಇಲ್ಲ. ಆ ಮನೆತನಗಳಲ್ಲಿ ಅಂಥವರು ಭಾಳ ಮಂದಿ ಇದ್ದರು. ಎಂದೋ ಬಂದು ನೆಲೆಸಿದ ಕೆಲವೇ ಮನೆಗಳಿಂದ ಬೆಳೆದ ಜನ, ಒಬ್ಬ ಹಿರಿಯನಲ್ಲಿದ್ದದ್ದು ಕೊಟ್ಟು ತಂದು ಕೊಟ್ಟು ತಂದು ಎಲ್ಲರ ಮನೆಗೂ ಹೊಕ್ಕಿತ್ತು. ಎರಡೂ ಪ್ರತಿ ಬದಲಾದವರಿಗೆ ಮಾತ್ರ ಮನೆಗೆ ಹೋಗಿ ಗುಟ್ಟಾಗಿ ತಿಳಿಸಿ ಒಂದು ಚೀಟಿ ಕೊಟ್ಟರೆ ಸಾಕಿತ್ತು. ನಾನು ಅದನ್ನೇ ಹೇಳಿದೆ. ಅರಿವಳಿಕೆ ಡಾಕ್ಟರೂ ಅದನ್ನೇ ಹೇಳಿದರು.

ಸಾಹೇಬರಿಗೆ ಅದು ಸಪ್ಪೆ ಅನಿಸಿತು. ಯೋಜನೆಗೆ ಹಣ ಕೊಟ್ಟವರು ಬರುವವರಿದ್ದರು, "ಸಮುದಾಯಕ್ಕೆ ಏನು ಲಾಭ ಆಯ್ತು" ಎಂದು ಕಣ್ಣಿಗೆ ಕಾಣಬೇಕಿತ್ತು. ಸಭೆ ಮಾಡೋಣ, ಕಾರ್ಡು ಹಂಚೋಣ ಎಂದರು. ಎರಡು ಪ್ರತಿಯವರಿಗೆ ಕೆಂಪು, ಒಂದು ಪ್ರತಿಯವರಿಗೆ ಹಳದಿ, ಏನೂ ಇಲ್ಲದವರಿಗೆ ಹಸಿರು. ಆ ಕಾರ್ಡಿನ ಮೇಲೆ ಅಚ್ಚಾದ ಮಾತು: ಆನುವಂಶಿಕ ದೋಷ.

"ಸರ್, ದೋಷ ಅನ್ನಬೇಡಿ," ಎಂದೆ. "ನಮ್ಮ ಕಡೆ ದೋಷ ಅಂದ್ರೆ ಬೇರೆ. ಕುಜದೋಷ, ನಾಗದೋಷ ಅಂತಾರಲ್ಲ, ಅದು. ಹೆಣ್ಣುಮಕ್ಕಳ ಲಗ್ನ ಮುರಿಯೋ ಮಾತು ಅದು. ಗುರುತು ಅನ್ನೋಣ, ಬದಲಾವಣೆ ಅನ್ನೋಣ."

"ಗುರುತು ಅಂದ್ರೆ ಮಚ್ಚೆನಾ?" ಅವರು ನಕ್ಕರು. "ನೋಡಿ, ಪಠ್ಯಪುಸ್ತಕದಲ್ಲಿ ದೋಷ ಅಂತಲೇ ಇದೆ. ಶಬ್ದದ ಮೇಲೆ ಜಗಳ ಮಾಡೋದು ವಿಜ್ಞಾನಿಗಳ ಕೆಲಸ ಅಲ್ಲ."

ಹಳದಿ ಕಾರ್ಡಾದರೂ ಬೇಡ, ಅವರಿಗೆ ಅದರಿಂದ ಉಪಯೋಗವಿಲ್ಲ ಎಂದೆ. ಉಪಯೋಗವಿಲ್ಲದ್ದನ್ನು ತಿಳಿಯುವ ಹಕ್ಕೂ ಅವರಿಗಿದೆ ಎಂದರು. ವಾದಕ್ಕೆ ಅವರು ಗಟ್ಟಿ.

ಸಭೆ ಸಮುದಾಯ ಭವನದಲ್ಲಿ ನಡೆಯಿತು. ಸಾಹೇಬರು ಮೈಕಿನ ಮುಂದೆ ದೋಷ, ದೋಷ ಎಂದು ಭಾಷಣ ಮಾಡುತ್ತಿದ್ದರೆ ಹೆಂಗಸರ ಕಡೆಯ ಗುಜುಗುಜು ಒಮ್ಮೆಲೆ ನಿಂತುಹೋಯಿತು. ಕಾರ್ಡು ತೆಗೆದುಕೊಳ್ಳಲು ಮೊದಲು ಯಾರು ಬರುತ್ತೀರಿ ಎಂದು ಕರೆದರು. ಯಾರೂ ಏಳಲಿಲ್ಲ. ಹಣ ಕೊಟ್ಟವರು ಗಡಿಯಾರ ನೋಡಿಕೊಂಡರು. ಸಾಹೇಬರು ನನ್ನ ಕಡೆ ಹಲ್ಲು ಕಡಿದು ನೋಡಿದರು. ನನ್ನ ಮುಖ ನೋಡಿ, ನನಗೆ ಅವಮಾನವಾಗಬಾರದೆಂದು, ಹುಡುಗಿ ಎದ್ದು ಬಂದಳು. ವೇದಿಕೆ ಹತ್ತಿದಳು. ಸಾಹೇಬರು ಆಕೆಯ ಕೈಗೆ ಹಳದಿ ಕಾರ್ಡು ಕೊಟ್ಟು, ಕ್ಯಾಮರಾ ಕಡೆ ತಿರುಗಿ ನಿಲ್ಲಿಸಿದರು. ಆಮೇಲೆ ಅತಿಥಿಗಳನ್ನು ಕರೆದುಕೊಂಡು ಪಟ್ಟದಕಲ್ಲಿನ ಗುಡಿ ನೋಡಲು ಹೋದರು. ಉಳಿದವರ ಕಾರ್ಡುಗಳನ್ನು ನಾನು ಲಕೋಟೆಯಲ್ಲಿ ಹಾಕಿ ಮನೆಮನೆಗೆ ಮುಟ್ಟಿಸಿದೆ, ಯಾರೂ ಯಾರಿಗೂ ಬಣ್ಣ ತೋರಿಸಲಿಲ್ಲ.

ಮರುದಿನ ಒಂದು ಪತ್ರಿಕೆಯಲ್ಲಿ ಫೋಟೊ ಬಂತು. ಕೆಳಗೆ ಬರೆದಿದ್ದರು: ಆನುವಂಶಿಕ ದೋಷವುಳ್ಳ ಯುವತಿಗೆ ಕಾರ್ಡ್ ವಿತರಣೆ. ಮಧ್ಯಾಹ್ನದೊಳಗೆ ಅದು ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿ ಗುಳೇದಗುಡ್ಡ ದಾಟಿತ್ತು. ಹುಡುಗಿ ಫೋಟೊದಲ್ಲಿ ನಗುತ್ತಿದ್ದಳು.

ಆಯಿ ಲಗ್ನ ಮುರಿದಳು ಎಂಬ ಸುದ್ದಿ ಹುಡುಗಿಯೇ ಫೋನ್ ಮಾಡಿ ಹೇಳಿದಳು. ಅಳಲಿಲ್ಲ. "ಅಕ್ಕಾರ, ಒಮ್ಮೆ ಬಂದು ಆಯಿಗೆ ತಿಳಿಸಿ ಹೇಳ್ರಿ. ನಿಮ್ಮ ಮಾತ ಕೇಳ್ತಾಳ. ಮಾವಗ ದೋಷ ಇಲ್ಲ, ನನಗ ಐತಿ ಅಂತಾಳ. ಮಾವ ಬಾಯಿ ಬಿಡವಲ್ಲ."

ಅವನಿಗೆ ದೋಷ ಇಲ್ಲ! ನಾನು ಫೋನ್ ಹಿಡಿದು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಕೆಂಪು ಕಾರ್ಡು ಆಯಿಯ ಬಳಿ ಇತ್ತು. ಅವಳಲ್ಲಿದ್ದ ಎರಡೂ ಪ್ರತಿ ಬದಲಾದವೇ. ಮಕ್ಕಳಿಗೆ ಕೊಡಲು ಅವಳ ಹತ್ತಿರ ಬೇರೆ ಇರಲೇ ಇಲ್ಲ. ಹೆತ್ತ ಪ್ರತಿಯೊಂದು ಮಗುವಿಗೂ ಒಂದು ಕೊಟ್ಟೇ ಇದ್ದಳು. ಮಗನಿಗೂ, ಮಗಳಿಗೂ. ಮಗಳಿಂದ ಅದು ಹುಡುಗಿಗೆ ಬಂದಿತ್ತು. ಅವನ ರಕ್ತ ತೆಗೆಯುವ ಅಗತ್ಯವೇ ಇಲ್ಲ, ಕೂಡಿಸಿ ಕಳೆದರೆ ಗೊತ್ತಾಗುತ್ತದೆ.

ಸಾಹೇಬರಿಗೆ ಹೇಳಿದೆ. ಅವರ ದನಿ ಒಮ್ಮೆಲೆ ತಣ್ಣಗಾಯಿತು. "ಅವನ ಸ್ಯಾಂಪಲ್ ನಮ್ಮಲ್ಲಿಲ್ಲ. ಅವನ ಒಪ್ಪಿಗೆ ಇಲ್ಲ. ಅವನ ಬಗ್ಗೆ ಒಂದು ಮಾತು ಆಡಿದ್ರೂ ನೀವು ಈ ಯೋಜನೆಯಲ್ಲಿ ಇರೋಲ್ಲ. ನಾವು ಮದುವೆ ದಲ್ಲಾಳಿಗಳಲ್ಲ."

ನಿಯಮ ಅಂತ ನೋಡಿದರೆ ಅವರು ಹೇಳಿದ್ದು ಸರಿ. ಅದೇ ನನಗೆ ಉರಿ. ವೇದಿಕೆಯ ಮೇಲೆ ಕ್ಯಾಮರಾ ಮುಂದೆ ನಿಲ್ಲಿಸುವಾಗ ಹುಡುಗಿಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಹುನಗುಂದ ಬಸ್ ನಿಲ್ದಾಣದಲ್ಲಿ ಇಳಕಲ್ಲಿನ ಬಸ್ಸು ನಿಂತಾಗ ಮನಸ್ಸು ಗಟ್ಟಿ ಮಾಡಿಕೊಂಡೆ. ಹೇಳುವುದೇ. ಹೋದರೆ ನೌಕರಿ ಹೋಗಲಿ.

ಆಯಿಯ ಪಡಸಾಲೆಯಲ್ಲಿ ಅವಳೂ, ಹುಡುಗಿಯ ಅವ್ವನೂ ಕೂತಿದ್ದರು. ಮಗ ಗೋಡೆಗೆ ಒರಗಿ ಮೊಬೈಲ್ ತಿಕ್ಕುತ್ತಿದ್ದ. ಒಳಗಿನ ಕೋಣೆಯಲ್ಲಿ ಮಗ್ಗದ ಸಪ್ಪಳ. ಹುಡುಗಿ ಅವತ್ತು ಆಯಿಯ ಮನೆಯ ಮಗ್ಗಕ್ಕೆ ಕೂತಿದ್ದಳು, ಲಗ್ನ ಮುರಿದರೂ ಕೆಲಸ ನಿಂತಿರಲಿಲ್ಲ.

"ಆಯಿ, ನಿಮ್ಮ ಕಾರ್ಡ್ ಯಾವ ಬಣ್ಣದ್ದು?" ಎಂದೆ.

"ಕೆಂಪ. ಯಾಕ?"

"ಕೆಂಪ ಅಂದ್ರ ಎರಡೂ. ಹಳದಿ ಅಂದ್ರ ಒಂದ. ನಿಮ್ಮ ಹತ್ರ ಎರಡೂ ಅದ ಅದಾವು, ಅಂದಮ್ಯಾಲ ನಿಮ್ಮ ಮಗಗ ಬ್ಯಾರೆದ್ದು ಎಲ್ಲಿಂದ ಕೊಟ್ಟೀರಿ? ಹಡದ ಎಲ್ಲಾ ಮಕ್ಕಳಿಗೂ ಒಂದೊಂದ ಕೊಟ್ಟೀರಿ. ಈ ಹುಡುಗಿಗೆ ಬಂದದ್ದೂ ನಿಮ್ಮದ. ನಿಮ್ಮ ಮಗಂದೂ ಹಳದೀನ. ಇದು ದೋಷ ಅಲ್ಲ ಆಯಿ, ಏನೂ ಅಲ್ಲ. ಒಂದ ಇಂಜೆಕ್ಷನ್ ಬ್ಯಾಡ ಅಂದ್ರ ಮುಗೀತು."

ಮಗ ಮೊಬೈಲ್‌ನಿಂದ ತಲೆ ಎತ್ತಿದ. ಒಳಗಿನ ಮಗ್ಗ ನಿಂತಿತು. ಆಯಿ ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ಚಾಪೆಯ ಮೇಲೆ ಹಾಕಿದಳು. ಎರಡು ತನ್ನ ಮುಂದೆ, ಒಂದು ಮಗಳ ಮುಂದೆ, ಒಂದು ಮಗನ ಕಡೆ. ಮಗಳ ಮುಂದಿನದನ್ನು ಒಳಕೋಣೆಯ ಕಡೆ ಸರಿಸಿದಳು. ನನಗೆ ಖುಷಿಯಾಯಿತು. ಕಾಲೇಜಿನ ಹುಡುಗರಿಗೂ ಇಷ್ಟು ಬೇಗ ತಿಳಿಯುವುದಿಲ್ಲ, ಗೆದ್ದೆ ಅಂದುಕೊಂಡೆ.

"ಖರೇನ?" ಎಂದಳು.

"ಖರೆ ಆಯಿ. ದೇವರಾಣಿ."

"ಹಂಗಾರ ಇದೂ ಇದೂ ಕೂಡಿದ್ರ," ಮಗನ ಕಡ್ಡಿಯನ್ನೂ ಹುಡುಗಿಯ ಕಡ್ಡಿಯನ್ನೂ ಜೋಡಿಸಿದಳು, "ಹುಟ್ಟೂ ಕೂಸಿಗೆ ನನ್ನಂಗ ಎರಡಾಗ್ತಾವೇನು?"

"ಆಗಬಹುದು. ನಾಲ್ಕರಾಗ ಒಂದ ಪಾಲು. ಆದ್ರ ಏನಾತು..."

"ಸಾಕು ಬಿಡು." ಕಡ್ಡಿಗಳನ್ನು ಬಾಚಿ ಪೆಟ್ಟಿಗೆಗೆ ಹಾಕಿದಳು. "ಹೆಣದಂಗ ಬಿದ್ದು ಮಂದಿ ಮಾತ ಕೇಳಿದಾಕಿ ನಾ. ನನ್ನ ಮೊಮ್ಮಗಗ ಅದು ಬ್ಯಾಡ. ಇಲ್ಲೀತನಕ ಮನಸ್ಸು ಹೊಯ್ದಾಡಾಕತ್ತಿತ್ತು, ಹೆಂಗಿದ್ರೂ ಮಗಳ ಮಗಳು, ಮಾಡಿಬಿಡೂಣು ಅಂತ. ಚಲೋ ಆತು, ನೀನ ಬಂದು ತಿಳಿಸಿ ಹೇಳಿದಿ. ಹೊರಗಿನ ಹುಡುಗೀನ ತರ್ತೇನಿ."

ಆಕೆ ಹೇಳಿದ್ದರಲ್ಲಿ ತಪ್ಪು ಹುಡುಕಲಿಕ್ಕೆ ನನ್ನ ಶಾಸ್ತ್ರದಲ್ಲಿ ಏನೂ ಸಿಗಲಿಲ್ಲ. ಒಂದೇ ದಾರ ಹಿಡಿದೆ. "ಹಂಗಾರ ಹುಡುಗೀನೂ ಹೊರಗ ಕೊಡಬಹುದಲ್ಲ. ಇಬ್ಬರದೂ ಒಂದ ಲೆಕ್ಕ. ಅದನ್ನ ಮಂದಿಗೆ ನೀವ ಹೇಳ್ರಿ, ನನ್ನ ಮಗಗೂ ಐತಿ, ಅದು ದೋಷ ಅಲ್ಲ ಅಂತ. ನೀವು ಹೇಳಿದ್ರ ಊರು ನಂಬ್ತೈತಿ."

ಆಗ ಎದ್ದು ಬಂದು ನನ್ನ ಕಾಲು ಹಿಡಿದವಳು ಆಯಿ ಅಲ್ಲ, ಹುಡುಗಿಯ ಅವ್ವ. "ಅಕ್ಕಾರ, ನಿಮಗ ಕೈ ಮುಗೀತೇನಿ. ನನ್ನ ತಮ್ಮಂದು ಈ ಹೊಸ್ತಿಲಾ ದಾಟಬಾರದು. ಅವಂಗೂ ಹೆಣ್ಣ ಸಿಗೂದಿಲ್ಲ."

"ನಿಮ್ಮ ಮಗಳದು ಊರಿಗೆಲ್ಲಾ ಗೊತ್ತೈತಲ್ರಿ!"

"ಅಕಿದು ಆಗಿಹೋತಲ್ರಿ," ಎಂದಳು ತಾಯಿ. "ಹೋದದ್ದು ಒಂದ ಹೋಗ್ಲಿ. ಇಬ್ಬರದೂ ಯಾಕ ಹಾಳಾಗಬೇಕು?"

ಮಗ ಮೊಬೈಲ್ ಕಿಸೆಗೆ ಹಾಕಿಕೊಂಡು ಹೊರಗೆ ಹೋದ. ಚಪ್ಪಲಿ ಮೆಟ್ಟುವಾಗಲೂ ಒಳಕೋಣೆಯ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗ್ಗ ಮತ್ತೆ ಶುರುವಾಯಿತು. ನಾನು ಒಳಗೆ ಹೋಗಿ ಆಕೆಯ ಮುಖ ನೋಡುವ ಧೈರ್ಯ ಮಾಡಲಿಲ್ಲ, ಹಾಗೇ ಬಸ್ ನಿಲ್ದಾಣಕ್ಕೆ ನಡೆದೆ.

ಅವನ ಲಗ್ನ ಬಾದಾಮಿ ಕಡೆಯ ಹುಡುಗಿಯ ಜೊತೆ ಬ್ಯಾಂಡ್ ಬಾರಿಸಿಕೊಂಡು ಆಯಿತು. ಹುಡುಗಿ ಕೊಂಡಿ ಹಾಕಿ ನೇಯ್ದ ಸೀರೆಯನ್ನು ಆಯಿ ಹೊಸ ಸೊಸೆಗೆ ಉಡಿಸಿದಳು. ನೇಯ್ದದ್ದು ಚಲೋ ಇದೆ, ಸುಮ್ಮನೆ ಯಾಕೆ ಪೆಟ್ಟಿಗೆಯಲ್ಲಿ ಇರಬೇಕು ಎಂಬುದು ಆಕೆಯ ವಾದ. ಹುಡುಗಿಯನ್ನು ನೋಡಲು ಬಂದವರು "ಪೇಪರ್‌ನ್ಯಾಗ ಬಂದಿದ್ದಾಕಿ ಈಕೀನ?" ಎಂದು ಕೇಳಿ ಚಹಾ ಕುಡಿದು ಹೋದರು. ಆಮೇಲೆ ಬರುವುದೂ ನಿಂತಿತು.

ನನ್ನ ನೌಕರಿ ಹೋಗಲಿಲ್ಲ, ಏಕೆಂದರೆ ನಾನು ಆಡಿದ ಮಾತು ಆ ಹೊಸ್ತಿಲು ದಾಟಲಿಲ್ಲ. ಆ ಮನೆಯವರು ಅಷ್ಟು ಭದ್ರವಾಗಿ ಮುಚ್ಚಿಟ್ಟರು. ನಾನೂ ಅರಿವಳಿಕೆ ಡಾಕ್ಟರೂ ಕೂಡಿ ಬಣ್ಣವಿಲ್ಲದ ಚೀಟಿ ಮಾಡಿದೆವು. ರಕ್ತ ಕೊಟ್ಟವರಿಗೂ ಕೊಡದವರಿಗೂ, ಓಣಿಯ ಎಲ್ಲರಿಗೂ ಒಂದೇ ಚೀಟಿ: ಈ ಇಂಜೆಕ್ಷನ್ ಕೊಡಬೇಡಿ, ಇದರ ಬದಲು ಇದನ್ನು ಕೊಡಿ. ದೋಷ ಎಂಬ ಮಾತು ಅದರಲ್ಲಿ ಇಲ್ಲ. ಮೊದಲೇ ಮಾಡಬೇಕಾದದ್ದು ಅದು. ಮಂದಿ ತೆಗೆದುಕೊಂಡರು, ಆದರೂ ಹಳದಿ ಯಾರದು ಎಂಬುದನ್ನು ಮರೆಯಲಿಲ್ಲ. ಸಾಹೇಬರ ಲೇಖನ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೋದರಮಾವ ಮತ್ತು ಬೀಗತನದ ಬಗ್ಗೆ ಅದರಲ್ಲಿ ಒಂದು ಪ್ಯಾರಾ ಇದೆ, ಓದಿದವರು ಭಾಳ ಮೆಚ್ಚಿದರಂತೆ.

ಆಮೇಲೆ ಒಂದು ಮಧ್ಯಾಹ್ನ ಅದೇ ಡಾಕ್ಟರ ಫೋನ್ ಬಂತು. ಅವರು ಈಗ ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿದ್ದರು. ಆಯಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳಂತೆ. ಸ್ಟ್ರೆಚರ್ ಮೇಲಿಂದಲೇ ಕುಪ್ಪಸದಿಂದ ಕೆಂಪು ಕಾರ್ಡು ತೆಗೆದು ತೋರಿಸಿದ್ದಳಂತೆ. ಬೇರೆ ಔಷಧ ಕೊಟ್ಟರು, ಆಪರೇಶನ್ ಆಯಿತು, ಮುಗಿದ ಕೂಡಲೇ ಕಣ್ಣು ಬಿಟ್ಟಳು. "ನಿಮ್ಮ ಕೆಲಸ ಒಂದು ಜೀವ ಉಳಿಸ್ತು, ಬಂದು ನೋಡಿ ಹೋಗ್ರಿ," ಎಂದರು ಡಾಕ್ಟರು, ನಿಜವಾದ ಸಂತೋಷದಿಂದ.

ಹೋದೆ. ವಾರ್ಡಿನ ಕೊನೆಯ ಹಾಸಿಗೆ. ಆಯಿ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಕುಡಿಸುತ್ತಿದ್ದವಳು ಹುಡುಗಿ. ಮಂಚದ ಕೆಳಗಿನ ಮಲದ ಬಟ್ಟಲು ತೊಳೆದು ತಂದು ಇಟ್ಟವಳೂ ಅವಳೇ. ಮಗ ಸೋಲಾಪುರದಲ್ಲಿದ್ದ. ಸೊಸೆ ತವರಿಗೆ ಹೋಗಿದ್ದಳು, ಆಕೆಗೆ ದವಾಖಾನೆಯ ವಾಸನೆ ಆಗುವುದಿಲ್ಲವಂತೆ. ಹುಡುಗಿ ನನ್ನನ್ನು ನೋಡಿ "ಬರ್ರಿ ಅಕ್ಕಾರ" ಎಂದಳು. ಸೊರಗಿದ್ದಳು. ಕೈಯಲ್ಲಿ ಮಗ್ಗದ ಕೆಲಸಕ್ಕೆ ಬಿದ್ದ ಜಡ್ಡುಗಂಟು ಹಾಗೇ ಇತ್ತು.

"ನಿನ್ನ ಕಾರ್ಡ ನನ್ನ ಉಳಿಸ್ತು ನೋಡ ಯವ್ವಾ," ಎಂದಳು ಆಯಿ. ನನ್ನ ಕೈ ಹಿಡಿದು ಸವರಿದಳು. ಪ್ರೀತಿಯಿಂದಲೇ. ಆಮೇಲೆ ಹುಡುಗಿಯ ಕಡೆ ಗದ್ದ ತಿರುಗಿಸಿದಳು. "ಈಕಿ ಲಗ್ನ ಆಗದ ಉಳಿದದ್ದೂ ಒಂದ ಚಲೋ ಆತು. ಇಲ್ಲಂದ್ರ ಇವತ್ತ ನನ್ನ ನೋಡವ್ರು ಯಾರಿದ್ರು ಹೇಳು?"

ಹುಡುಗಿ ಚಮಚದಿಂದ ಆಕೆಯ ತುಟಿಯ ಗಂಜಿ ಒರೆಸಿದಳು. "ಆಗಿದ್ರೂ ನಾನ ನೋಡ್ತಿದ್ದೆ ಆಯಿ. ನಿನ್ನ ಸೊಸಿ ಆಗಿರ್ತಿದ್ನೆಲ್ಲ."

ಆಯಿ ಒಂದು ಗಳಿಗೆ ಯೋಚಿಸಿದಳು. "ಹೌದಲ್ಲ," ಎಂದು ನಕ್ಕಳು. "ಹೆಂಗಿದ್ರೂ ನಿನ್ನ ಹಣೇಬರಹದಾಗ ನಾನ ಅದೇನಿ ಬಿಡು."

ನನಗೆ ಅಲ್ಲಿ ನಿಲ್ಲುವುದಾಗಲಿಲ್ಲ. ಏಳಬೇಕೆನ್ನುವಷ್ಟರಲ್ಲಿ ನರ್ಸ್ ಫೈಲು ಹಿಡಿದು ಬಂದಳು. ರಾತ್ರಿ ಪೇಷಂಟ್ ಹತ್ತಿರ ಉಳಿಯುವವರ ಹೆಸರು ಬರೆದುಕೊಳ್ಳಬೇಕಿತ್ತು. ಹುಡುಗಿ ತನ್ನ ಹೆಸರು ಹೇಳಿದಳು.

"ಪೇಷಂಟಿಗೆ ನೀವು ಏನಾಗಬೇಕ್ರಿ?"

ಹುಡುಗಿ ಗಂಜಿಯ ಬಟ್ಟಲು ಕೆಳಗಿಟ್ಟಳು. ನರ್ಸಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ರಕ್ತಸಂಬಂಧ ಅಂತ ಬರ್ಕೋರಿ," ಎಂದಳು.

ನರ್ಸ್ ಹಾಗೇ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದಳು.